ನಾನೂರ ಹತ್ತು ಮಾಡ್, ಮೂರು ಬಗೆಯ ಕ್ರ್ಯಾಶ್

ಪ್ರಶ್ನೆ: ಸರ್, ನಾನು ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿ. ಸ್ಕೈರಿಮ್ ಸ್ಪೆಷಲ್ ಎಡಿಷನ್ ಆಡುತ್ತೇನೆ. ಆವೃತ್ತಿ 1.6.1170, ಮಾಡ್ ಆರ್ಗನೈಜರ್ 2ರಲ್ಲಿ ಸುಮಾರು 410 ಮಾಡ್ (ಗೇಮನ್ನು ಬದಲಿಸಲು ಅಭಿಮಾನಿಗಳು ಮಾಡಿದ ಫೈಲ್‌ಗಳು) ಇವೆ. ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್, 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ. ರಿವರ್‌ವುಡ್‌ನಿಂದ ವೈಟ್‌ರನ್‌ಗೆ ಹೋಗುವಾಗ ಸೇತುವೆ ದಾಟಿ ಇಳಿಜಾರಿಗೆ ಬಂದರೆ ಪ್ರತಿ ಸಲವೂ ಗೇಮ್ ಮುಚ್ಚಿಕೊಳ್ಳುತ್ತದೆ. ಬೇರೆ ಕಡೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಆಡಿದ ಮೇಲೆ ಎಲ್ಲೆಂದರಲ್ಲಿ ಬೀಳುತ್ತದೆ. ಎಸ್‌ಎಸ್‌ಡಿಯಲ್ಲಿ ಜಾಗ ಉಳಿಸಲು ಪೇಜ್ ಫೈಲ್ (ಮೆಮೊರಿಗೆ ಪೂರಕವಾಗಿ ವಿಂಡೋಸ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಜಾಗ) ಆಫ್ ಮಾಡಿದ್ದೇನೆ. ಹೋದ ವಾರ ಪ್ಲಗಿನ್ (ಮಾಡ್‌ನ ಮಾಹಿತಿಯನ್ನು ಗೇಮಿಗೆ ಕೊಡುವ ಫೈಲ್) ಸಂಖ್ಯೆ 254ರ ಮಿತಿ ಮುಟ್ಟಿತು. ಹಾಗಾಗಿ ಮೂವತ್ತು ಪ್ಲಗಿನ್‌ಗಳನ್ನು ಲೈಟ್ ಮಾಡಿ (ಆ ಮಿತಿಗೆ ಸೇರದ ಬಗೆಗೆ ಬದಲಿಸಿ), ಎರಡು ದೊಡ್ಡ ಮಾಡ್ ತೆಗೆದು, ಹೊಸವು ಕೆಲವನ್ನು ಹಾಕಿದೆ. ಅಂದಿನಿಂದ 62 ಗಂಟೆ ಆಡಿದ ಸೇವ್ ಲೋಡ್ ಆಗುತ್ತಿಲ್ಲ. ಎರಡು ಸಲ ಗೇಮನ್ನೇ ಅಳಿಸಿ ಮತ್ತೆ ಹಾಕಿದೆ, ಕ್ರ್ಯಾಶ್ ನಿಲ್ಲಿಸುತ್ತವೆ ಎಂಬ ಐದಾರು ಮಾಡ್ ಕೂಡ ಸೇರಿಸಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದೇ ಕಾಯಿಲೆ ಎಂದುಕೊಂಡಿರುವುದು ನನಗೆ ಮೂರಾಗಿ ಕಾಣುತ್ತಿದೆ. ಸೇತುವೆಯ ಆಚೆ ಬೀಳುವುದು ಒಂದು, ಮುಕ್ಕಾಲು ಗಂಟೆಗೆ ಬೀಳುವುದು ಇನ್ನೊಂದು, ಸೇವ್ ತೆರೆಯದಿರುವುದು ಮತ್ತೊಂದು. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಹತ್ತದಿದ್ದಾಗ ಯಾವುದೂ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ನಿಮಗೆ ಆಗಿರುವುದು ಅದೇ.

ಗೇಮನ್ನು ಅಳಿಸಿ ಮತ್ತೆ ಹಾಕುವುದನ್ನು ಇಲ್ಲಿಗೆ ನಿಲ್ಲಿಸಿ. ಮಾಡ್ ಆರ್ಗನೈಜರ್ ತನ್ನ ಮಾಡ್‌ಗಳನ್ನು ಗೇಮಿನ ಫೋಲ್ಡರ್‌ಗೆ ಸುರಿಯುವುದಿಲ್ಲ. ಅವನ್ನು ಬೇರೆ ಕಡೆ ಇಟ್ಟುಕೊಂಡು, ಗೇಮ್ ಓಡುವಾಗ ಮಾತ್ರ ಅಲ್ಲೇ ಇರುವಂತೆ ತೋರಿಸುತ್ತದೆ. ಹಾಗಾಗಿ ಗೇಮ್ ಅಳಿಸಿದರೂ ತೊಂದರೆ ಕೊಡುವ ಮಾಡ್ ಕೂತಲ್ಲೇ ಕೂತಿರುತ್ತದೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಹೊಸದಾಗಿ ಹಾಕಿದ ಐದಾರು 'ಕ್ರ್ಯಾಶ್ ನಿಲ್ಲಿಸುವ' ಮಾಡ್‌ಗಳಲ್ಲಿ ಎಸ್‌ಎಸ್‌ಇ ಎಂಜಿನ್ ಫಿಕ್ಸಸ್ ಒಂದನ್ನು ಉಳಿಸಿಕೊಂಡು, ಮಿಕ್ಕವುಗಳ ಟಿಕ್ ತೆಗೆಯಿರಿ. ಎಂಜಿನ್ ಫಿಕ್ಸಸ್‌ಗೆ ಎರಡು ಭಾಗ ಇದೆ. ಒಂದನ್ನು ಮಾಡ್ ಮ್ಯಾನೇಜರ್ ಮೂಲಕ ಹಾಕಬೇಕು, ಇನ್ನೊಂದನ್ನು ಕೈಯಾರೆ ಗೇಮಿನ ಮೂಲ ಫೋಲ್ಡರ್‌ನಲ್ಲಿ ಇಡಬೇಕು. ನೀವು ಗೇಮನ್ನು ಎರಡು ಸಲ ಅಳಿಸಿರುವುದರಿಂದ ಆ ಎರಡನೆಯ ಭಾಗ ಅದರ ಜೊತೆಗೇ ಹೋಗಿರಬಹುದು, ನೋಡಿಕೊಳ್ಳಿ.

ಮುಂದಿನ ಯಾವುದಕ್ಕೂ ಕೈ ಹಾಕುವ ಮುನ್ನ ಸೇವ್ ಫೋಲ್ಡರ್ ಪೂರ್ತಿ ಬೇರೆ ಕಡೆ ನಕಲು ಮಾಡಿಡಿ. ಮಾಡ್ ಆರ್ಗನೈಜರ್‌ನ ಪ್ರೊಫೈಲನ್ನೂ ನಕಲು ಮಾಡಿ, ಪರೀಕ್ಷೆಯನ್ನೆಲ್ಲ ಆ ನಕಲಿನಲ್ಲೇ ನಡೆಸಿ. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್ ತೆರೆದು, 'ನಾನು ಗೇಮ್ ಶುರು ಮಾಡಿದಾಗ ಮಾತ್ರ ಅಪ್‌ಡೇಟ್ ಮಾಡು' ಎಂಬುದನ್ನು ಆರಿಸಿ. ಆಮೇಲೆ ಸ್ಟೀಮ್‌ನ ಪ್ಲೇ ಬಟನ್ ಒತ್ತದೆ, ಮಾಡ್‌ಗಳಿಗೆ ಹೆಚ್ಚಿನ ಸಾಮರ್ಥ್ಯ ಕೊಡುವ ಎಸ್‌ಕೆಎಸ್‌ಇ ಎಂಬ ಸಲಕರಣೆಯ ಮೂಲಕವೇ ಗೇಮ್ ತೆರೆಯುವುದನ್ನು ರೂಢಿ ಮಾಡಿಕೊಳ್ಳಿ. 2023ರ ಡಿಸೆಂಬರ್‌ನಲ್ಲಿ 1.6.1130 ಅಪ್‌ಡೇಟ್ ಬಂದಾಗ, ಹಿಂದಿನ ರಾತ್ರಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಜನರ ಗೇಮ್ ಬೆಳಿಗ್ಗೆ ಮೆನುವರೆಗೂ ಬರಲಿಲ್ಲ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಅದು ಯಾಕೆ ಹಾಗಾಯಿತು ಎಂದು ತಿಳಿದರೆ ಮುಂದಿನ ಅರ್ಧ ಕೆಲಸ ಸುಲಭ. ಎಸ್‌ಕೆಎಸ್‌ಇ ಬಳಸುವ ಡಿಎಲ್‌ಎಲ್ (ಕೋಡ್ ಇರುವ ಫೈಲ್) ಮಾಡ್‌ಗಳು ಗೇಮಿನ ಎಕ್ಸ್‌ಇ ಫೈಲಿನೊಳಗೆ ನಿರ್ದಿಷ್ಟ ವಿಳಾಸಕ್ಕೆ ಹೋಗಿ ಕೈಯಾಡಿಸುತ್ತವೆ. ಹೊಸ ಎಕ್ಸ್‌ಇ ಬಂದಾಗ ಆ ವಿಳಾಸಗಳೆಲ್ಲ ಜರುಗುತ್ತವೆ. ಅಡ್ರೆಸ್ ಲೈಬ್ರರಿ ಎಂಬ ಮಾಡ್ ಮಾಡುವುದು ಹಳೆಯ ಗುರುತು ಸಂಖ್ಯೆಗೆ ಹೊಸ ವಿಳಾಸ ಹುಡುಕಿಕೊಡುವ ಕೆಲಸ. 1.5.97ರ ಸರಣಿಗೆ ಒಂದು ಪಟ್ಟಿ, 1.6ರ ಸರಣಿಗೆ ಬೇರೆಯೇ ಪಟ್ಟಿ. ವಿಳಾಸ ಸಿಕ್ಕಿತು ಎಂದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎಂದೂ ಅಲ್ಲ. 1.6.629ರಲ್ಲಿ ಒಳಗಿನ ಕೆಲವು ರಚನೆಗಳೇ ಬದಲಾದವು, ಅದಕ್ಕೂ ಹಿಂದೆ ಕಟ್ಟಿದ ಡಿಎಲ್‌ಎಲ್ ಮನೆ ಸರಿಯಾಗಿ ಹುಡುಕಿದರೂ ಕೋಣೆ ತಪ್ಪುತ್ತದೆ. ನಿಮ್ಮ 1.6.1170ಕ್ಕೆ ಎಸ್‌ಕೆಎಸ್‌ಇ 2.2.6 ಬೇಕು. ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಸ್ಪೆಷಲ್ ಎಡಿಷನ್, ಅದರೊಳಗಿನ ಎಸ್‌ಕೆಎಸ್‌ಇ ಫೋಲ್ಡರ್‌ನಲ್ಲಿ ಎಸ್‌ಕೆಎಸ್‌ಇ64 ಎಂಬ ಲಾಗ್ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಯಾವ ಡಿಎಲ್‌ಎಲ್ ಮುಂದೆ 'ಡಿಸೇಬಲ್ಡ್' ಎಂದಿದೆ ನೋಡಿ. ಅಂಥದಕ್ಕೆ ನಿಮ್ಮ ಆವೃತ್ತಿಯದನ್ನು ತಂದುಹಾಕಿ, ಸಿಗದಿದ್ದರೆ ಬಿಟ್ಟುಬಿಡಿ. ನಿಮ್ಮ ಗೇಮ್ ಮೆನು ದಾಟಿ ಓಡುತ್ತಿರುವುದರಿಂದ ಇಲ್ಲಿ ದೊಡ್ಡ ಎಡವಟ್ಟು ಇರಲಾರದು. ಹತ್ತು ನಿಮಿಷದ ಕೆಲಸ, ಮುಗಿಸಿಬಿಡಿ.

ಮೊದಲು ಮುಕ್ಕಾಲು ಗಂಟೆಯ ಕ್ರ್ಯಾಶ್ ಹಿಡಿಯೋಣ. ಅದು ಇರುವವರೆಗೆ ಮಿಕ್ಕ ಯಾವ ಪರೀಕ್ಷೆಯನ್ನೂ ನಂಬಲಾಗದು. ಒಂದು ಮಾಡ್ ತೆಗೆದು ನೋಡಿದಿರಿ, ಆದರೂ ಬಿತ್ತು. ಬಿದ್ದದ್ದು ಹಳೆಯ ಕಾರಣಕ್ಕೋ ಈ ಕಾರಣಕ್ಕೋ ಹೇಗೆ ಗೊತ್ತಾಗಬೇಕು?

ಪೇಜ್ ಫೈಲ್ ಆಫ್ ಮಾಡಿದ್ದೇನೆ ಎಂದು ನೀವು ನಡುವೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಅದು. ಪ್ರೋಗ್ರಾಂ ಮೆಮೊರಿ ಕೇಳುವುದು, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಕೂರುವುದು ಆಮೇಲೆ, ಸೀಟು ಮಾತ್ರ ಆಗಲೇ ಹೋಯಿತು. ಬಸ್ಸಿನಲ್ಲಿ ಒಟ್ಟು ಎಷ್ಟು ಸೀಟು ಎಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡೂ ಕೂಡಿದಷ್ಟು. ಪೇಜ್ ಫೈಲ್ ಇಲ್ಲದಿದ್ದರೆ ನಿಮ್ಮ 16 ಜಿಬಿಯೇ ಎಲ್ಲ. ಅದರಲ್ಲಿ ವಿಂಡೋಸ್, ಬ್ರೌಸರ್, ಗ್ರಾಫಿಕ್ಸ್ ಡ್ರೈವರ್ ಎಲ್ಲವೂ ಟವೆಲ್ ಹಾಕಿರುತ್ತವೆ. ರ‍್ಯಾಮ್ ಇನ್ನೂ ನಾಲ್ಕು ಜಿಬಿ ಖಾಲಿ ಎಂದು ಕಾಣುವಾಗಲೂ ಸೀಟು ಮುಗಿದಿರಬಹುದು. ಆ ಹೊತ್ತಿಗೆ ಸ್ಕೈರಿಮ್ ಇನ್ನಷ್ಟು ಮೆಮೊರಿ ಕೇಳಿದರೆ ವಿಂಡೋಸ್ ಇಲ್ಲ ಎನ್ನುತ್ತದೆ. ಈ ಹಳೆಯ ಎಂಜಿನ್ ಎಷ್ಟೋ ಕಡೆ ಆ 'ಇಲ್ಲ'ವನ್ನು ಗಮನಿಸದೆ, ಸಿಕ್ಕಿತು ಎಂದುಕೊಂಡೇ ಮುಂದೆ ಹೆಜ್ಜೆ ಇಡುತ್ತದೆ. ಗೇಮ್ ಬೀಳುವುದು ಅಲ್ಲಿ. ಕಾಡಿನಲ್ಲಿ ಬೀಳಬಹುದು, ಗುಹೆಯಲ್ಲಿ ಬೀಳಬಹುದು, ಅಂಗಡಿಯ ಬಾಗಿಲು ತೆರೆಯುವಾಗಲೂ ಬೀಳಬಹುದು. ಎಲ್ಲೆಂದರಲ್ಲಿ ಎಂದು ನೀವು ಬರೆದದ್ದು ಇದಕ್ಕೆ ತಾಳೆಯಾಗುತ್ತದೆ.

ವಿಂಡೋಸ್ ಸರ್ಚ್‌ನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆಯಿರಿ. ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್, ಅಲ್ಲಿಂದ ಅಡ್ವಾನ್ಸ್ಡ್, ಅಲ್ಲಿಂದ ವರ್ಚುಯಲ್ ಮೆಮೊರಿ. ಕಸ್ಟಮ್ ಸೈಜ್ ಆರಿಸಿ ಕನಿಷ್ಠ 20000, ಗರಿಷ್ಠ 40000 ಎಂಬಿ ಎಂದು ಬರೆದು, ಸೆಟ್ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಜಾಗ ಸಾಲದಿದ್ದರೆ ಬೇರೆ ಯಾವುದಾದರೂ ಗೇಮ್ ಅಳಿಸಿ, ಇದನ್ನು ಮಾತ್ರ ಬಿಡಬೇಡಿ. ಆಮೇಲೆ ಆಡುವಾಗ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಕಮಿಟೆಡ್' ಎಂಬ ಸಂಖ್ಯೆಯನ್ನು ಆಗಾಗ ನೋಡಿ. ಓರೆಗೆರೆಯ ಎಡಗಡೆಯದು ಬಲಗಡೆಯದನ್ನು ಮುಟ್ಟುತ್ತಿದೆ ಎಂದರೆ ಕಾರಣ ಸಿಕ್ಕಿತು.

ಇದರ ಜೊತೆಗೆ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲಿನ ಚಿತ್ರಗಳ ಲೆಕ್ಕವೂ ಇದೆ. ಈಗಿನ ರೂಢಿಯ ಬಿಸಿ7 ಕಂಪ್ರೆಷನ್‌ನಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಬೈಟ್. 4096 ಅಗಲ, 4096 ಎತ್ತರದ ಒಂದು 4ಕೆ ಚಿತ್ರ 16 ಎಂಬಿ ಆಗುತ್ತದೆ, ಅದರ ಚಿಕ್ಕ ಪ್ರತಿಗಳೂ ಸೇರಿ ಸುಮಾರು 21 ಎಂಬಿ. ಬಣ್ಣಕ್ಕೆ ಒಂದು, ಉಬ್ಬುತಗ್ಗಿಗೆ ಇನ್ನೊಂದು ಎಂದು ಒಂದು ವಸ್ತುವಿಗೆ ಕಡಿಮೆಯೆಂದರೂ ಎರಡು ಚಿತ್ರ ಬೇಕು. ಮುನ್ನೂರು ಚಿತ್ರಗಳಿಗೇ ನಿಮ್ಮ 6 ಜಿಬಿ ಕಾರ್ಡ್ ತುಂಬಿಹೋಗುತ್ತದೆ. ಅದೇ ಚಿತ್ರ 2ಕೆ ಆದರೆ ಐದೂಕಾಲು ಎಂಬಿ. ಬಂಡೆ, ಬೆಟ್ಟ, ಊರ ಗೋಡೆಗೆ 2ಕೆ ಧಾರಾಳ ಸಾಕು. ಚಮಚ, ಬುಟ್ಟಿ, ಪುಸ್ತಕದ ರಟ್ಟಿಗೆ 1ಕೆ ಇರಲಿ. ಮಾಡ್ ಕರ್ತರು ಹೆಚ್ಚಾಗಿ ಚಿಕ್ಕ ಗಾತ್ರದ ಪ್ರತಿಯನ್ನೂ ಜೊತೆಗೇ ಇಟ್ಟಿರುತ್ತಾರೆ. 6 ಜಿಬಿಯಲ್ಲಿ 4ಕೆ ಬೇಕು ಎನ್ನುವ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಓಡುತ್ತ ಹೋಗುವಾಗ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟಾದರೂ ಎಲ್ಲೆಂದರಲ್ಲಿ ಬೀಳುತ್ತಿದ್ದರೆ ಯಂತ್ರವನ್ನೇ ನೋಡಬೇಕು. ಲ್ಯಾಪ್‌ಟಾಪ್ ಫ್ಯಾನಿನ ಧೂಳು, ಹಾಸಿಗೆಯ ಮೇಲಿಟ್ಟು ಆಡುವ ಅಭ್ಯಾಸ, ಮೆಮ್‌ಟೆಸ್ಟ್86ರಲ್ಲಿ ತಪ್ಪು ತೋರಿಸುವ ರ‍್ಯಾಮ್ ಕಡ್ಡಿ. ಡೆಸ್ಕ್‌ಟಾಪ್ ಇರುವ ಬೇರೆ ಓದುಗರಿಗೆ ಒಂದು ಮಾತು: ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಅಸ್ಥಿರತೆ ಬರುತ್ತದೆಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿದೆ. ಬಯೋಸ್ ಅಪ್‌ಡೇಟ್ ಮಾಡದೆ ಮಾಡ್‌ಗಳನ್ನು ದೂರಬೇಡಿ.

ಇನ್ನು ಸೇತುವೆ. ಇದು ನನಗೆ ತುಂಬ ಇಷ್ಟದ ಬಗೆ, ಏಕೆಂದರೆ ಇದು ಕರೆದಾಗಲೆಲ್ಲ ಬರುತ್ತದೆ. ಬೇಕೆಂದಾಗ ಬರುವ ಕ್ರ್ಯಾಶ್ ಅರ್ಧ ವಾಸಿಯಾದ ಹಾಗೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಬಿದ್ದಾಗ ಪರದೆಯ ಮೇಲಿದ್ದದ್ದನ್ನು ಅನುಮಾನಿಸುವುದು. ಸೇತುವೆಯ ಮಾಡ್ ತೆಗೆಯುತ್ತಾರೆ, ನೀರಿನ ಮಾಡ್ ತೆಗೆಯುತ್ತಾರೆ. ಸ್ಕೈರಿಮ್ ತನ್ನ ಬಯಲನ್ನು ಚೌಕಗಳಾಗಿ ಕತ್ತರಿಸಿಟ್ಟುಕೊಂಡಿದೆ. ಅದನ್ನು ಸೆಲ್ ಎನ್ನುತ್ತಾರೆ. ಒಂದು ಸೆಲ್ಲಿನ ಬದಿ 4096 ಯೂನಿಟ್, ನಮ್ಮ ಲೆಕ್ಕದಲ್ಲಿ ಸುಮಾರು 58 ಮೀಟರ್. ನೀವು ನಿಂತ ಸೆಲ್ಲನ್ನು ನಡುವೆ ಇಟ್ಟು ಐದಕ್ಕೆ ಐದು, ಒಟ್ಟು 25 ಸೆಲ್‌ಗಳನ್ನು ಗೇಮ್ ಪೂರ್ತಿಯಾಗಿ ತೆರೆದಿಟ್ಟಿರುತ್ತದೆ. ನೀವು ಒಂದು ಗಡಿ ದಾಟಿದ ಕ್ಷಣ ಮುಂದಿನ ಹೊಸ ಸಾಲು ತೆರೆದುಕೊಳ್ಳುತ್ತದೆ. ಆ ಸಾಲು ಶುರುವಾಗುವುದೇ ನಿಮ್ಮಿಂದ ನೂರು ಮೀಟರ್‌ಗೂ ಆಚೆ. ಅಂದರೆ ಸೇತುವೆ ಇಳಿಯುವಾಗ ನಿಮ್ಮನ್ನು ಬೀಳಿಸುತ್ತಿರುವುದು ಕಣ್ಣಿಗಿನ್ನೂ ಸರಿಯಾಗಿ ಕಾಣದ, ವೈಟ್‌ರನ್ ಕಡೆಯ ಇಳಿಜಾರಿನಲ್ಲಿರುವ ಒಂದು ಮರವೋ ಬಂಡೆಯೋ ದಾರಿಹೋಕನೋ ಆಗಿರುತ್ತದೆ. ಈ ಐದರ ಸಂಖ್ಯೆಯನ್ನು ಐಎನ್‌ಐ ಫೈಲಿನಲ್ಲಿ ಏಳು, ಒಂಬತ್ತು ಮಾಡಿ ಎಂಬ ಹಳೆಯ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಪಾಲಿಸಬೇಡಿ. ಭಾರ ಹೆಚ್ಚುತ್ತದೆ, ದೂರದ ಘಟನೆಗಳು ಹೊತ್ತಿಗೆ ಮುಂಚೆ ಶುರುವಾಗುತ್ತವೆ, ಒಮ್ಮೆ ಸೇವ್ ಮಾಡಿದ ಮೇಲೆ ಹಿಂದಕ್ಕೆ ಬರುವುದು ಕಷ್ಟ.

ಕ್ರ್ಯಾಶ್ ಲಾಗರ್ ಎಂಬ ಎಸ್‌ಕೆಎಸ್‌ಇ ಮಾಡ್ ಹಾಕಿ. ಗೇಮ್ ಬಿದ್ದ ಕೂಡಲೇ ಅದು ಆ ಎಸ್‌ಕೆಎಸ್‌ಇ ಫೋಲ್ಡರ್‌ನಲ್ಲೇ 'ಕ್ರ್ಯಾಶ್' ಎಂದು ಶುರುವಾಗುವ ಒಂದು ಫೈಲ್ ಬರೆದಿಡುತ್ತದೆ. ಪಪೈರಸ್ ಲಾಗ್ ಬೇರೆ, ಇದು ಬೇರೆ. ಪಪೈರಸ್ ಲಾಗ್ ಬರೆಯುವುದು ಸ್ಕ್ರಿಪ್ಟ್‌ಗಳ ಗೊಣಗಾಟವನ್ನು. ಅದರ ಕೊನೆಯ ಸಾಲೇ ಕಾರಣ ಎಂದು ನಂಬಿ ಒಳ್ಳೆಯ ಮಾಡ್‌ಗಳನ್ನು ತೆಗೆದವರು ಬಹಳ ಜನ. ಈಗ ಹೊಸ ಆಟವನ್ನೇ ಶುರು ಮಾಡದೆ, ಮುಖ್ಯ ಮೆನುವಿನಲ್ಲಿ ಕನ್ಸೋಲ್ (ಆದೇಶ ಬರೆಯುವ ಪೆಟ್ಟಿಗೆ) ತೆರೆದು 'ಸಿಒಸಿ ರಿವರ್‌ವುಡ್' (coc riverwood) ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸೀದಾ ಆ ಊರಿಗೆ ಹೋಗುತ್ತೀರಿ. ಸೇತುವೆಯ ಕಡೆ ನಡೆಯಿರಿ. ಬಿದ್ದರೆ ಒಳ್ಳೆಯದೇ, ತೊಂದರೆ ಸೇವ್‌ನಲ್ಲಿಲ್ಲ, ಮಾಡ್‌ನಲ್ಲಿದೆ ಎಂದು ಖಚಿತವಾಯಿತು. ಹೀಗೆ ಮೂರು ಸಲ ಬಿದ್ದು ಮೂರು ಲಾಗ್ ಕೂಡಿಸಿ. ಒಂದೇ ಲಾಗ್ ಓದಿ ತೀರ್ಮಾನಕ್ಕೆ ಬರಬೇಡಿ. ಮೂರರಲ್ಲೂ ಬರುವ ಹೆಸರು ಯಾವುದೋ ಅದರ ಮೇಲೆ ಕಣ್ಣಿಡಿ.

ಲಾಗ್ ತೆರೆದರೆ ಮೇಲಿನ ಸಾಲುಗಳಲ್ಲೇ ಆಕ್ಸೆಸ್ ವಯೊಲೇಷನ್ ಎಂದಿರುತ್ತದೆ. ಅದರಿಂದ ಹೆದರುವುದೂ ಬೇಡ, ಕಲಿಯುವುದಕ್ಕೂ ಏನಿಲ್ಲ. ಹೆಚ್ಚುಕಡಿಮೆ ಎಲ್ಲ ಕ್ರ್ಯಾಶ್‌ಗಳೂ ಹಾಗೇ. ಅದರ ಪಕ್ಕದಲ್ಲಿ ಯಾವ ಫೈಲಿನ ಯಾವ ವಿಳಾಸ ಎಂದಿರುವುದು ಮುಖ್ಯ. ಗೇಮಿನ ಎಕ್ಸ್‌ಇ ಬದಲು ಯಾವುದೋ ಮಾಡ್‌ನ ಡಿಎಲ್‌ಎಲ್ ಹೆಸರಿದ್ದರೆ ಆ ಮಾಡ್‌ನ ಹೊಸ ಆವೃತ್ತಿ ಇದೆಯೇ ನೋಡಿ, ಆದರೆ ತಪ್ಪಿತಸ್ಥ ಸಿಕ್ಕ ಎಂದು ಅಷ್ಟಕ್ಕೇ ನಿಲ್ಲಬೇಡಿ. ಕೂದಲು, ಬಟ್ಟೆ ಅಲುಗಾಡಿಸುವ ಒಂದು ಡಿಎಲ್‌ಎಲ್ ಹೆಸರು ಲಾಗ್‌ನ ಮೇಲೇ ಬಂದಿತ್ತೆಂದು ನಾನು ಅದರ ಹಿಂದೆ ಎರಡು ದಿನ ಕಳೆದಿದ್ದೇನೆ. ನಿಜವಾಗಿ ಕೆಟ್ಟಿದ್ದದ್ದು ಒಬ್ಬ ದಾರಿಹೋಕಳ ಕೂದಲಿನ ಮೆಶ್, ಅಂದರೆ ಆಕೃತಿಯ ಫೈಲ್. ಹಾಳಾದ ಮೆಶ್ ಅನ್ನು ಆ ಡಿಎಲ್‌ಎಲ್ ಎತ್ತಿಕೊಳ್ಳಲು ಹೋಗಿ ಎಡವುತ್ತಿತ್ತು, ಅಷ್ಟೆ.

ಕೆಳಗೆ ರಿಜಿಸ್ಟರ್ಸ್, ಸ್ಟ್ಯಾಕ್ ಎಂಬ ಎರಡು ಭಾಗಗಳಿವೆ. ಸಂಖ್ಯೆಗಳ ಕಾಡಿನಲ್ಲಿ ನೀವು ಹುಡುಕಬೇಕಾದದ್ದು ಎರಡೇ: ಎನ್‌ಐಎಫ್ ಅಥವಾ ಡಿಡಿಎಸ್ ಎಂದು ಕೊನೆಯಾಗುವ ಫೈಲ್ ಹೆಸರು, ಮತ್ತು ಎಂಟು ಅಂಕಿಯ ಫಾರ್ಮ್ ಐಡಿ. ಎನ್‌ಐಎಫ್ ಎಂದರೆ ಆಕೃತಿ, ಅದೇ ಮೆಶ್. ಡಿಡಿಎಸ್ ಎಂದರೆ ಮೇಲಿನ ಚಿತ್ರ. ಫಾರ್ಮ್ ಐಡಿಯ ಮೊದಲ ಎರಡು ಅಂಕಿ ಯಾವ ಪ್ಲಗಿನ್ ಎಂದು ಹೇಳುತ್ತದೆ. ಎಫ್‌ಇ ಎಂದು ಶುರುವಾದರೆ ಅದು ಲೈಟ್ ಪ್ಲಗಿನ್, ಮುಂದಿನ ಮೂರು ಅಂಕಿ ಯಾವುದೆಂದು ತಿಳಿಸುತ್ತವೆ. ಸೊನ್ನೆಗಳ ಕೊನೆಯಲ್ಲಿ 14 ಎಂದಿರುವ ಐಡಿ ನೀವೇ, ಅಂದರೆ ಆಟಗಾರ. ಲಾಗ್‌ಗಳಲ್ಲಿ ನೀವು ಆಗಾಗ ಇದ್ದೇ ಇರುತ್ತೀರಿ, ಅದನ್ನು ಬಿಟ್ಟು ಮುಂದೆ ಹೋಗಿ.

ಮೆಶ್ ಹೆಸರು ಸಿಕ್ಕಿತು ಎಂದಿಟ್ಟುಕೊಳ್ಳಿ. ಮಾಡ್ ಆರ್ಗನೈಜರ್‌ನ ಬಲಗಡೆ ಡೇಟಾ ಎಂಬ ಟ್ಯಾಬ್‌ನಲ್ಲಿ ಆ ಫೈಲ್ ಹುಡುಕಿದರೆ ಅದನ್ನು ಯಾವ ಮಾಡ್ ಕೊಡುತ್ತಿದೆ ಎಂದು ತೋರಿಸುತ್ತದೆ. ಆ ಮಾಡ್ ತೆಗೆಯಬೇಕಿಲ್ಲ. ಆ ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಹೈಡ್' ಎನ್ನಿ, ಮತ್ತೆ ಸೇತುವೆ ದಾಟಿ. ದಾಟಿದರೆ ಸಿಕ್ಕಿತು. ಇಂಥ ಮೆಶ್‌ಗಳು ಹಾಳಾಗಲು ಮುಖ್ಯ ಕಾರಣವೊಂದಿದೆ. ಸ್ಕೈರಿಮ್ 2011ರಲ್ಲಿ ಬಂದಾಗ 32 ಬಿಟ್ ಗೇಮ್. 2016ರ ಸ್ಪೆಷಲ್ ಎಡಿಷನ್ 64 ಬಿಟ್, ಮೆಶ್ ಬರೆಯುವ ರೀತಿಯೂ ಬದಲಾಯಿತು. ಹಳೆಯ ಗೇಮಿನ ಮಾಡ್‌ಗಳನ್ನು ಸರಿಯಾಗಿ ಪರಿವರ್ತಿಸದೆ ತಂದುಹಾಕಿದರೆ ಕೆಲವು ಸುಮ್ಮನೆ ಓಡುತ್ತವೆ, ಕೆಲವು ಗೇಮನ್ನೇ ಬೀಳಿಸುತ್ತವೆ. ಕ್ಯಾಥೀಡ್ರಲ್ ಅಸೆಟ್ಸ್ ಆಪ್ಟಿಮೈಜರ್ ಎಂಬ ಸಲಕರಣೆ ಅವನ್ನು ಹೊಸ ರೂಪಕ್ಕೆ ತಿರುಗಿಸಿಕೊಡುತ್ತದೆ. ಅನುಮಾನ ಬಂದ ಒಂದು ಮಾಡ್‌ನ ಮೇಲೆ ಮಾತ್ರ ಓಡಿಸಿ. 410ರ ಮೇಲೂ ಒಟ್ಟಿಗೆ ಓಡಿಸಿದರೆ ಚೆನ್ನಾಗಿದ್ದವೂ ಕೆಡುತ್ತವೆ.

ಫೈಲ್ ಹೆಸರಿಲ್ಲದೆ ಫಾರ್ಮ್ ಐಡಿ ಮಾತ್ರ ಸಿಕ್ಕರೆ, ಪ್ಲಗಿನ್‌ಗಳ ಒಳಗನ್ನು ತೋರಿಸುವ ಎಸ್‌ಎಸ್‌ಇ ಎಡಿಟ್ ಎಂಬ ಸಲಕರಣೆ ತೆರೆದು, ಮೇಲಿನ ಪೆಟ್ಟಿಗೆಯಲ್ಲಿ ಆ ಸಂಖ್ಯೆ ಹಾಕಿ. ಆ ವಸ್ತುವನ್ನು ಯಾವ ಯಾವ ಪ್ಲಗಿನ್ ಮುಟ್ಟಿದೆ ಎಂದು ಸಾಲಾಗಿ ಕಾಣುತ್ತದೆ. ಅಲ್ಲಿ ನ್ಯಾವ್‌ಮೆಶ್ ಎಂಬ ದಾಖಲೆಯ ಮೇಲೆ 'ಡಿಲೀಟೆಡ್' ಎಂಬ ಗುರುತು ಕಂಡರೆ ಬಹುತೇಕ ಅದೇ ಕಾರಣ. ನ್ಯಾವ್‌ಮೆಶ್ ಎಂದರೆ ಊರಿನವರು, ತೋಳಗಳು, ಸೈನಿಕರು ಎಲ್ಲಿ ನಡೆಯಬಹುದು ಎಂಬ ಕಾಣದ ನೆಲಗಟ್ಟು. ಒಂದು ಮಾಡ್ ಅದನ್ನು ಅಳಿಸಿ, ಇನ್ನೊಂದು ಅದು ಇದೆ ಎಂದುಕೊಂಡು ಕಾಲಿಟ್ಟರೆ ಗೇಮ್ ಅಲ್ಲೇ ಕುಸಿಯುತ್ತದೆ. ವೈಟ್‌ರನ್ ಸುತ್ತಲಿನ ಬಯಲು ಮಾಡ್ ಕರ್ತರಿಗೆಲ್ಲ ಅಚ್ಚುಮೆಚ್ಚಿನ ಜಾಗ. ಹೊಲ, ಮನೆ, ಹೊಸ ದಾರಿ ಎಂದು ಅಲ್ಲಿ ನಾಲ್ಕು ಮಾಡ್ ಒಂದೇ ನೆಲವನ್ನು ಎಳೆದಾಡುವುದು ಸಾಮಾನ್ಯ. ಆ ಎರಡು ಮಾಡ್‌ಗಳಿಗೆ ಹೊಂದಾಣಿಕೆಯ ಪ್ಯಾಚ್ ಇದ್ದರೆ ಹಾಕಿ, ಇಲ್ಲದಿದ್ದರೆ ಒಂದನ್ನು ಬಿಡಿ. ಲೂಟ್ ಓಡಿಸಿ ಲೋಡ್ ಆರ್ಡರ್ ಜೋಡಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇಡ. ಅದು ಯಾರು ಮೊದಲು, ಯಾರು ಆಮೇಲೆ ಎಂದು ನಿಲ್ಲಿಸುತ್ತದೆ, ಜಗಳ ಬಿಡಿಸುವುದಿಲ್ಲ.

ಲಾಗ್‌ಗಳು ಏನೂ ಹೇಳದಿದ್ದರೆ ಮಾತ್ರ ಅರ್ಧ ಅರ್ಧ ಮಾಡುವ ದಾರಿ. ನಕಲು ಪ್ರೊಫೈಲ್‌ನಲ್ಲಿ ಅರ್ಧದಷ್ಟು ಮಾಡ್‌ಗಳ ಟಿಕ್ ತೆಗೆದು ಸೇತುವೆ ದಾಟಿ. ಬಿದ್ದರೆ ಉಳಿದ ಅರ್ಧದಲ್ಲಿದೆ, ಬೀಳದಿದ್ದರೆ ತೆಗೆದ ಅರ್ಧದಲ್ಲಿದೆ. 410 ಮಾಡ್‌ಗೆ ಹೆಚ್ಚೆಂದರೆ ಒಂಬತ್ತು ಸುತ್ತು. ಒಂದು ಪ್ಲಗಿನ್ ಇನ್ನೊಂದನ್ನು ಆಧರಿಸಿದ್ದರೆ ಎರಡನ್ನೂ ಒಂದೇ ಗುಂಪಿನಲ್ಲಿಡಿ, ಇಲ್ಲದಿದ್ದರೆ ಗೇಮ್ ಮೆನುವಿಗೆ ಮೊದಲೇ ಬೀಳುತ್ತದೆ. ಈ ಹೊತ್ತಿನಲ್ಲಿ ಸೇವ್ ಮಾಡಬೇಡಿ.

ಕೊನೆಗೆ ನಿಮ್ಮ 62 ಗಂಟೆ. ಇದನ್ನು ಬರೆಯುವಾಗ ನಿಮಗೆ ಎಷ್ಟು ಸಂಕಟವಾಗಿರಬಹುದು ಎಂದು ನನಗೆ ಗೊತ್ತು. ಊರೊಂದನ್ನು ಹೊಸದಾಗಿ ಕಟ್ಟುವ ಒಂದು ಮಾಡ್ ಅನ್ನು ನಾನು ಆಟದ ನಡುವೆ ತೆಗೆದೆ. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ತೊಂಬತ್ತು ಗಂಟೆಯ ಸೇವ್ ತೆರೆಯಲೇ ಇಲ್ಲ, ಮತ್ತೆ ಅದು ಸಿಗಲಿಲ್ಲ. ನಿಮ್ಮದರಲ್ಲಿ ಇನ್ನೂ ಭರವಸೆ ಇದೆ, ಏಕೆಂದರೆ ನೀವು ಏನೇನು ಬದಲಿಸಿದಿರಿ ಎಂಬುದು ನಿಮಗೆ ನೆನಪಿದೆ.

ಗೇಮ್ ಪೂರ್ಣ ಪ್ಲಗಿನ್‌ಗಳಿಗೆ 00ಯಿಂದ ಎಫ್‌ಡಿವರೆಗೆ 254 ಸಂಖ್ಯೆಗಳನ್ನು ಕೊಡುತ್ತದೆ. ಎಫ್‌ಇ ಎಂಬ ಒಂದೇ ಸಂಖ್ಯೆಯಡಿ 4096 ಲೈಟ್ ಪ್ಲಗಿನ್‌ಗಳು ಕೂರುತ್ತವೆ. ಒಂದು ಪ್ಲಗಿನ್ ಅನ್ನು ಲೈಟ್ ಮಾಡಿದರೆ ಅದರೊಳಗಿನ ಪ್ರತಿ ಕತ್ತಿ, ಪ್ರತಿ ಮನುಷ್ಯ, ಪ್ರತಿ ಬಾಗಿಲಿನ ಮನೆ ನಂಬರ್ ಬದಲಾದ ಹಾಗೆ. ಐಡಿಗಳನ್ನು ಒತ್ತಾಗಿ ಕೂರಿಸುವ 'ಕಾಂಪ್ಯಾಕ್ಟ್' ಮಾಡಿದ್ದರಂತೂ ಒಳಗಿನ ಕ್ರಮವೂ ಬದಲಾಗಿರುತ್ತದೆ. ನಿಮ್ಮ ಸೇವ್ ಹುಡುಕುತ್ತಿರುವುದು ಹಳೆಯ ನಂಬರ್‌ಗಳನ್ನು. ಹೊಸ ಆಟಕ್ಕೆ ಲೈಟ್ ಮಾಡುವುದು ಒಳ್ಳೆಯ ಉಪಾಯ, ನಡುವೆ ಮಾಡುವುದು ಮಾತ್ರ ಅಪಾಯ.

ಹಾಗಾಗಿ ಹೋದ ವಾರವನ್ನು ಹಿಂದಕ್ಕೆ ತಿರುಗಿಸಿ. ಹೊಸದಾಗಿ ಹಾಕಿದವುಗಳ ಟಿಕ್ ತೆಗೆಯಿರಿ. ಮೂವತ್ತು ಪ್ಲಗಿನ್‌ಗಳ ಮೂಲ ಪ್ರತಿಗಳನ್ನು ವಾಪಸ್ ತನ್ನಿ. ಎಸ್‌ಎಸ್‌ಇ ಎಡಿಟ್‌ನಲ್ಲಿ ಬದಲಿಸಿದ್ದರೆ ಅದು ಬ್ಯಾಕಪ್ಸ್ ಎಂಬ ಫೋಲ್ಡರ್‌ನಲ್ಲಿ ಹಳೆಯವನ್ನು ಉಳಿಸಿರುತ್ತದೆ, ಮಾಡ್ ಆರ್ಗನೈಜರ್‌ನಲ್ಲಿ ಅದು ಓವರ್‌ರೈಟ್ ಒಳಗೆ ಸಿಗುತ್ತದೆ. ತೆಗೆದ ಎರಡು ದೊಡ್ಡ ಮಾಡ್‌ಗಳನ್ನೂ ಅದೇ ಆವೃತ್ತಿಯಲ್ಲಿ ಮತ್ತೆ ಹಾಕಿ. ಎಂಜಿನ್ ಫಿಕ್ಸಸ್‌ನ ಎರಡೂ ಭಾಗ ಸರಿಯಾಗಿ ಕೂತಿದೆಯೇ ಇನ್ನೊಮ್ಮೆ ನೋಡಿ. ಗೇಮ್ ಒಟ್ಟಿಗೆ 512 ಫೈಲ್‌ಗಳನ್ನಷ್ಟೇ ತೆರೆದಿಡಬಲ್ಲದು, ಪ್ಲಗಿನ್ ಹೆಚ್ಚಾಗಿ ಆ ಮಿತಿ ದಾಟಿದರೆ ಚೆನ್ನಾಗಿರುವ ಸೇವನ್ನೇ ಹಾಳಾಗಿದೆ ಎಂದು ತೋರಿಸುತ್ತದೆ. ಎಂಜಿನ್ ಫಿಕ್ಸಸ್ ಆ ಮಿತಿಯನ್ನು ಎತ್ತರಿಸುತ್ತದೆ. ಆಮೇಲೆ ಮೆನುವಿನಿಂದ 'ಸಿಒಸಿ ಕ್ಯೂಎಸ್ಮೋಕ್' (coc qasmoke) ಎಂಬ ಆದೇಶ ಕೊಟ್ಟು ಪರೀಕ್ಷಾ ಕೋಣೆಗೆ ಹೋಗಿ, ಅಲ್ಲಿಂದ ನಿಮ್ಮ ಸೇವ್ ಲೋಡ್ ಮಾಡಿ. ಹೊರಗಿನ ಬಯಲಿನಲ್ಲಿ ಮಾಡಿದ ಸೇವ್‌ಗಿಂತ ಮನೆಯೊಳಗೆ ಮಾಡಿದ ಸೇವ್ ತೆರೆಯುವ ಸಾಧ್ಯತೆ ಹೆಚ್ಚು, ಅಂಥದ್ದೊಂದು ಹಳೆಯದಿದ್ದರೆ ಅದರಿಂದ ಶುರು ಮಾಡಿ.

ರೀಸೇವರ್ ಎಂಬ ಸಲಕರಣೆಯಲ್ಲಿ ಸೇವ್ ತೆರೆದು ಅನಾಥ ಸ್ಕ್ರಿಪ್ಟ್‌ಗಳನ್ನು ತೆಗೆಯಬಹುದು ಎಂದು ಯಾರಾದರೂ ಹೇಳುತ್ತಾರೆ. ಒಳಗೆ ಏನಿದೆ ಎಂದು ನೋಡಲು ಅದು ತುಂಬ ಒಳ್ಳೆಯದು. ಆದರೆ ಹಾಗೆ ತೊಳೆದ ಸೇವ್‌ನಲ್ಲಿ ಮುಂದಿನ ನೂರು ಗಂಟೆ ಕಳೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೇಲಿನದೆಲ್ಲ ಮಾಡಿಯೂ ತೆರೆಯದಿದ್ದರೆ ಆ ಆಟವನ್ನು ಬಿಟ್ಟು, ಲೈಟ್ ಮಾಡುವುದನ್ನೆಲ್ಲ ಮೊದಲೇ ಮುಗಿಸಿ, ಹೊಸ ಪಾತ್ರದಿಂದ ಶುರು ಮಾಡಿ.

ಪೇಜ್ ಫೈಲ್ ಇವತ್ತೇ ಸರಿಮಾಡಿ, ಒಂದೆರಡು ದಿನ ಆಡಿ ನೋಡಿ. ಸೇತುವೆಯ ಬಳಿ ಇನ್ನೂ ಬೀಳುತ್ತಿದ್ದರೆ ಆ ಮೂರು ಲಾಗ್‌ಗಳನ್ನು ಹಾಗೇ, ಒಂದಕ್ಷರ ಕತ್ತರಿಸದೆ ಕಳಿಸಿ. ಅದರ ಜೊತೆ ಮಾಡ್ ಪಟ್ಟಿಯೂ ಇರಲಿ.